ದೊರೆಯ ಕಡೆಯವನು

೧೯೩೬ ನವೆಂಬರ್ ೧೮, ಬುಧವಾರ. ಬ್ಲೈನ್‌ಕೊಯ್ಡ್

ದೊರೆ ನನ್ನನ್ನು ನೋಡಿದರು. ಇದನ್ನು ಮೊದಲು ಬರೆದುಬಿಡುತ್ತೇನೆ, ಯಾಕೆಂದರೆ ನನ್ನ ಹೆಂಡತಿ ಹನ್ನಾ ಈಗಾಗಲೇ ಇಲ್ಲ ಅನ್ನುತ್ತಿದ್ದಾಳೆ.

ಬೆಳಿಗ್ಗೆ ಎಂಟಕ್ಕೇ ಇಡೀ ಊರು ರಸ್ತೆಯ ಎರಡೂ ಬದಿಗೆ ಬಂದು ನಿಂತಿತ್ತು. ಉಕ್ಕಿನ ಕಾರ್ಖಾನೆ ಮುಚ್ಚಿ ಆರು ವರ್ಷ. ಹೊತ್ತಿಗೆ ಸರಿಯಾಗಿ ಎದ್ದು, ಕೋಟು ತೊಟ್ಟು, ಎಲ್ಲಿಗೋ ಹೊರಡುವುದಕ್ಕೆ ಒಂದು ಕಾರಣ ಸಿಕ್ಕಿತಲ್ಲ ಎಂಬ ಖುಷಿಯೇ ಅರ್ಧ. ಶಾಲೆಯ ಮಕ್ಕಳು ಹಾಡಿನ ಮೊದಲ ಸಾಲು ಮುಗಿಸಿ ಎರಡನೆಯದನ್ನು ಎತ್ತುವಷ್ಟರಲ್ಲಿ ಕಾರು ಬಂತು, ದಾಟಿತು, ತಿರುವಿನಲ್ಲಿ ಮರೆಯಾಯಿತು. ನಿಲ್ಲಲಿಲ್ಲ. ನಮ್ಮೂರು ಅವರ ಪಟ್ಟಿಯಲ್ಲಿರಲಿಲ್ಲ, ದಾರಿಯಲ್ಲಿತ್ತು ಅಷ್ಟೆ. ಆದರೆ ಕಿಟಕಿಯಿಂದ ಟೋಪಿ ಎತ್ತಿದರು. ನೇರ ನನ್ನ ಕಡೆಗೆ.

"ನಿನ್ನನ್ನಲ್ಲ," ಅಂದಳು ಹನ್ನಾ. "ನಿನ್ನ ಹಿಂದೆ ಮೀನಂಗಡಿಯವನ ನಾಯಿ ಬೆಂಚಿನ ಮೇಲೆ ನಿಂತಿತ್ತು. ಅದನ್ನ ನೋಡಿ ನಕ್ರು."

"ಈ ಕ್ಷೇತ್ರದ ಸಂಸತ್ ಸದಸ್ಯ ನಾನು. ನಾಯಿ ಅಲ್ಲ."

"ನಾಯಿಗೆ ಅದು ಗೊತ್ತಿಲ್ಲ, ಪಾಪ."

ಮಧ್ಯಾಹ್ನ ಐವರ್ ಪ್ಯೂ, ದೊರೆ ಕಾರಿನಿಂದಿಳಿದ ಪಕ್ಕದ ಕಣಿವೆಗೆ ಹೋಗಿದ್ದವನು, ಸೈಕಲ್ ತುಳಿದುಕೊಂಡು ವಾಪಸ್ ಬಂದ. ಹದಿಮೂರನೇ ವಯಸ್ಸಿನಲ್ಲಿ ನಾನೂ ಅವನೂ ಒಂದೇ ದಿನ ಕಾರ್ಖಾನೆಗೆ ಸೇರಿದವರು. ಕುಲುಮೆಯ ಮುಂದೆ ಇಪ್ಪತ್ತೆರಡು ವರ್ಷ ನಿಂತು ಹುಬ್ಬಿನ ಕೂದಲು ಶಾಶ್ವತವಾಗಿ ಸುಟ್ಟುಕೊಂಡವನು. ಅವನ ಕಣ್ಣಲ್ಲಿ ನೀರು ನೋಡಿದ್ದು ಇದೇ ಮೊದಲು.

"ಟೋಪಿ ತೆಗೆದು ನಿಂತ್ಬಿಟ್ರು ಕಣೋ ಎಮ್ಲಿನ್. ಅಲ್ಲಿ ಕಾರ್ಖಾನೆ ಗೋಡೆ ಬಿದ್ದಿದೆಯಲ್ಲ, ಆ ಜಾಗದಲ್ಲಿ. ಇದಕ್ಕೆ ಏನಾದ್ರೂ ಮಾಡ್ಲೇಬೇಕು ಅಂದ್ರಂತೆ. ನಾನು ಕೇಳಿಸ್ಕೊಂಡಿಲ್ಲ, ದೂರ ಇದ್ದೆ. ಆದ್ರೆ ಕೇಳಿಸ್ಕೊಂಡವನ ಪಕ್ಕದಲ್ಲೇ ಇದ್ದೆ."

೧೯೧೭ರಲ್ಲಿ, ಕಿರೀಟಗಳನ್ನೆಲ್ಲ ಕರಗಿಸಿ ಚಮಚ ಮಾಡಬೇಕೆಂದು ಭಾಷಣ ಬಿಗಿದಿದ್ದವನು ನಾನು. ಇವತ್ತು ಒಂದು ಕಿರೀಟಕ್ಕೆ ವಿನಾಯಿತಿ ಕೊಟ್ಟಿದ್ದೇನೆ.

ನವೆಂಬರ್ ೨೫, ಬುಧವಾರ. ಲಂಡನ್

ಸಂಸತ್ತಿನ ಚಹಾ ಕೋಣೆಯಲ್ಲಿ ನಮ್ಮ ಪಕ್ಷದ ಸಚೇತಕ ಗಾರ್ಸೈಡ್ ಪಕ್ಕಕ್ಕೆ ಕರೆದು ಕೋಟಿನೊಳಗಿಂದ ಅಮೆರಿಕದ ಪತ್ರಿಕೆಯೊಂದನ್ನು ತೆಗೆದ. ಇಲ್ಲಿನ ಪತ್ರಿಕೆಗಳು ಬಾಯಿಗೆ ಬೀಗ ಹಾಕಿಕೊಂಡಿವೆ. ಅಲ್ಲಿ ಮೊದಲ ಪುಟದಲ್ಲೇ ಇದೆ. ದೊರೆ ಮದುವೆಯಾಗಬೇಕೆಂದಿರುವ ಹೆಂಗಸು ಅಮೆರಿಕದವಳು. ಒಂದು ವಿಚ್ಛೇದನ ಆಗಿದೆ, ಎರಡನೆಯದು ಆಗುತ್ತಿದೆ.

"ನೀನು ಚಾಪೆಲ್‌ಗೆ ಹೋಗೋನು, ವಿಚ್ಛೇದನ ಪಾಪ ಅನ್ನೋರು ನೀವು. ಏನಂತೀಯ?" ಅಂದ.

"ಅವರ ಮನೆ ವಿಷಯ."

"ಅವರ ಮನೆಗೆ ಆರುನೂರು ಕೋಣೆ ಇದೆ ಪ್ರಾಸರ್. ಎಲ್ಲಾ ಕೋಣೆ ಖರ್ಚೂ ದೇಶದ್ದು."

ನಾನು ಚಹಾ ಪೂರ್ತಿ ಕುಡಿಯದೆ ಎದ್ದು ಬಂದೆ. ಆಮೇಲೆ ಬೇಜಾರಾಯಿತು, ಒಳ್ಳೆಯ ಚಹಾ.

ಡಿಸೆಂಬರ್ ೩, ಗುರುವಾರ

ಬೀಗ ಬಿಚ್ಚಿತು. ಒಬ್ಬ ಬಿಷಪ್ ಏನೋ ಅಂದರು, ಪತ್ರಿಕೆಗಳೆಲ್ಲ ಒಟ್ಟಿಗೇ ಬಾಯಿ ತೆರೆದವು. ಮಂತ್ರಿಮಂಡಲ ಒಪ್ಪುವುದಿಲ್ಲ, ದೊರೆ ಆ ಹೆಂಗಸನ್ನು ಬಿಡಬೇಕು, ಇಲ್ಲವೇ ಪಟ್ಟ ಬಿಡಬೇಕು. ನಾನು ಬಾಡಿಗೆಗಿರುವ ಮನೆಯೊಡತಿ ಮಿಸೆಸ್ ಟಿಬಿಟ್ ತಿಂಡಿ ಬಡಿಸುತ್ತ ತೀರ್ಪು ಕೊಟ್ಟಳು: "ಮದ್ವೆ ಆಗ್ಲಿ ಬಿಡಿ. ನನ್ನ ಗಂಡನ್ನ ನಾನು ಸಹಿಸ್ಕೊಂಡಿಲ್ವಾ? ದೇಶ ಒಬ್ಬಳು ಹೆಂಗಸನ್ನ ಸಹಿಸ್ಕೊಳ್ಳಲ್ವಾ?"

ಗಾರ್ಸೈಡ್ ಎಲ್ಲರನ್ನೂ ಸೇರಿಸಿ ಹೇಳಿದ: "ಚುನಾಯಿತ ಸರ್ಕಾರ ಹೇಳಿದ್ದನ್ನ ದೊರೆ ಕೇಳ್ಬೇಕು. ನಾವು ವಿರೋಧ ಪಕ್ಷ, ಆದ್ರೂ ಈ ಒಂದು ವಿಷಯದಲ್ಲಿ ಪ್ರಧಾನಿ ಜೊತೆ. ಯಾರೂ ಬಾಯಿ ಬಿಡಬಾರದು. ಪ್ರಾಸರ್, ನಿನಗೇ ಹೇಳ್ತಿರೋದು."

ಮೆಟ್ಟಿಲ ಹತ್ತಿರ ಒಬ್ಬ ವರದಿಗಾರ ಸಿಕ್ಕಿದ. ಬಾಯಿ ಬಿಟ್ಟೆ. "ಕಾರ್ಖಾನೆ ಮುಚ್ಚಿಸಿದವರು ಯಾರೂ ನಮ್ಮ ಕಣಿವೆಗೆ ಬರಲಿಲ್ಲ. ಬಂದವರು ಒಬ್ಬರೇ. ಅವರು ಬಿದ್ದರೆ ಅವರ ಜೊತೆ ನಾನೂ ಬೀಳುತ್ತೇನೆ" ಅಂದೆ. ಸಂಜೆ ಪತ್ರಿಕೆಯಲ್ಲಿ ಬಂತು. ಹೆಸರು 'ಪ್ರಾಸ್ಪರ್' ಎಂದು ಅಚ್ಚಾಗಿದೆ. ಆದರೂ ಆರು ಪ್ರತಿ ಕೊಂಡೆ.

ಡಿಸೆಂಬರ್ ೪, ಶುಕ್ರವಾರ

ಇವತ್ತು ಸರ್ ಲಯೋನೆಲ್ ಹ್ಯಾಥರ್ಲೀ ಅವರೇ ಖುದ್ದಾಗಿ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಆಳುವ ಪಕ್ಷದ ಶ್ರೀಮಂತ. ಪ್ರಧಾನಿಯ ಮೇಲೆ ಹಳೆಯ ಸಿಟ್ಟಿದೆಯಂತೆ. ನಾಲ್ಕು ವರ್ಷದಿಂದ ಒಂದೇ ಕಾರಿಡಾರಿನಲ್ಲಿ ಓಡಾಡುತ್ತಿದ್ದೇವೆ, ಮಾತಾಡಿಸಿದ್ದು ಇದೇ ಮೊದಲು.

"ಪ್ರಾಸರ್, ದೊರೆಗೆ ಈಗ ಬೇಕಾಗಿರೋದು ನಿಮ್ಮಂಥೋರು. ನಿಮ್ಮ ನಿರುದ್ಯೋಗಿಗಳನ್ನ ಅರಮನೆ ಮುಂದಕ್ಕೆ ಕರ್ಕೊಂಡ್ಬನ್ನಿ. ಮುನ್ನೂರು ಜನ. ಬಸ್ಸು ನಂದು."

ಹೆಸರನ್ನು ಸರಿಯಾಗಿ ಹೇಳಿದರು. ಅದಕ್ಕೇ ಅರ್ಧ ಒಪ್ಪಿಬಿಟ್ಟೆ.

ಡಿಸೆಂಬರ್ ೫, ಶನಿವಾರ. ಬ್ಲೈನ್‌ಕೊಯ್ಡ್

ಎಂಥ ಸಭೆ! ಕಾರ್ಮಿಕರ ಭವನದಲ್ಲಿ ಕಾಲಿಡಲು ಜಾಗವಿಲ್ಲ. ನಾನು ಮುಕ್ಕಾಲು ಗಂಟೆ ಮಾತಾಡಿದೆ, ಒಬ್ಬನೂ ಕೆಮ್ಮಲಿಲ್ಲ. ಗುರುವಾರ ಬೆಳಿಗ್ಗೆ ಆರು ಬಸ್ಸು ಹೊರಡುವುದು ಎಂದು ತೀರ್ಮಾನವಾಯಿತು. ಐವರ್ ಮುಂದಾಳು. ಹೆಸರು ಬರೆಸಲು ಸಾಲು ನಿಂತರು. ಗಂಜಿಗಲ್ಲದೆ ಬೇರೆಯದಕ್ಕೆ ಅಷ್ಟು ಉದ್ದದ ಸಾಲು ನೋಡಿ ಎಷ್ಟು ವರ್ಷವಾಯಿತೋ.

ಮನೆಗೆ ಬಂದಾಗ ಹನ್ನಾ ಆಲೂಗಡ್ಡೆ ಸುಲಿಯುತ್ತಿದ್ದಳು. ಚಾಪೆಲ್‌ನ ಹಿಂದಿನ ಕೋಣೆಯಲ್ಲಿ ದಿನಾ ನೂರು ಮಕ್ಕಳಿಗೆ ಊಟ ಹಾಕುವ ಅವಳ ಉಸ್ತುವಾರಿ ಮನೆಯವರೆಗೂ ಬರುತ್ತದೆ.

"ಗುರುವಾರ ಅಂದ್ಯಾ?"

"ಗುರುವಾರ."

"ಗುರುವಾರ ಅವ್ರೆಲ್ಲ ಕೆಲಸದ ಕಚೇರಿಗೆ ಹೋಗಿ ಸಹಿ ಹಾಕೋ ದಿನ. ಹಾಕ್ದಿದ್ರೆ ನಿರುದ್ಯೋಗ ಭತ್ಯೆ ನಿಲ್ಲುತ್ತೆ. ನಿಂತದ್ದು ಮತ್ತೆ ಶುರು ಆಗೋಕೆ ಆರು ವಾರ."

"ಸಣ್ಣ ವಿಷಯ. ಮಾತಾಡ್ತೀನಿ."

"ಯಾರ ಹತ್ರ?"

ಹೆಂಗಸರಿಗೆ ದೊಡ್ಡ ಚಿತ್ರ ಕಾಣುವುದಿಲ್ಲ.

ಡಿಸೆಂಬರ್ ೬, ಭಾನುವಾರ

ಚಾಪೆಲ್. ಪಾದ್ರಿ, ಸ್ನಾನ ಮಾಡುತ್ತಿದ್ದ ಪರರ ಹೆಂಡತಿಯನ್ನು ನೋಡಿ ಮೋಹಗೊಂಡ ದಾವೀದ ರಾಜ ಮತ್ತು ಆ ಬೆತ್ಷೆಬೆಯ ಕಥೆ ತೆಗೆದರು. ಐವತ್ತು ನಿಮಿಷ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಸ್ನಾನ ಮಾಡುತ್ತಿದ್ದವಳು ನಾನೇ ಎಂಬಂತೆ.

ಡಿಸೆಂಬರ್ ೭, ಸೋಮವಾರ. ಲಂಡನ್

ಸರ್ ಲಯೋನೆಲ್‌ರ ಕ್ಲಬ್ಬಿನಲ್ಲಿ ಊಟ. ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ ನನ್ನ ಗದ್ದ ಮೇಜಿನ ಮಟ್ಟಕ್ಕೆ ಇಳಿಯಿತು. ಹುರಿದ ಕುರಿಮಾಂಸ, ಬಟಾಣಿ.

"ಮುನ್ನೂರು ಜನ ಸಾಕು," ಅಂದರು. "ಹಳೇ ಬಟ್ಟೆಲೇ ಬರ್ಲಿ. ತಲೆ ಮೇಲೆ ದೀಪ ಕಟ್ಕೊಂಡು."

"ಅವ್ರು ಕಲ್ಲಿದ್ದಲು ಗಣಿಯವರಲ್ಲ ಸಾರ್. ಉಕ್ಕಿನ ಕಾರ್ಖಾನೆಯವರು. ದೀಪ ಇರಲ್ಲ."

"ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಪ್ರಾಸರ್. ದೀಪ ನಾನು ತರಿಸ್ತೀನಿ."

ನಾನು ನಕ್ಕೆ, ತಮಾಷೆ ಅಂದುಕೊಂಡು. ಅವರು ನಗಲಿಲ್ಲ.

"ಅವ್ರ ಭತ್ಯೆ ನಿಂತ್ಹೋಗುತ್ತೆ, ಗುರುವಾರ ಸಹಿ ಹಾಕ್ದಿದ್ರೆ," ಅಂದೆ.

"ಒಳ್ಳೇದೇ ಆಯ್ತಲ್ಲ. ತ್ಯಾಗ. ಪತ್ರಿಕೆಯವ್ರಿಗೆ ಹೇಳೋಣ."

"ದೊರೆ ಉಳಿದ್ರೆ, ಕಾರ್ಖಾನೆ ವಿಷಯ ನೀವು ಸರ್ಕಾರದಲ್ಲಿ—"

"ಯಾವ ಕಾರ್ಖಾನೆ?"

"ನಮ್ದು. ಬ್ಲೈನ್‌ಕೊಯ್ಡ್‌ದು. ಮುಚ್ಚಿರೋದು."

"ಓ, ಅದಾ. ಮೊದ್ಲು ಪ್ರಧಾನಿ ಬೀಳ್ಲಿ. ಆಮೇಲೆ ಅವೆಲ್ಲ ನೋಡೋಣ. ಬಟಾಣಿ ಹಾಕ್ಕೊಳ್ಳಿ."

ಅಲ್ಲಿಂದ ಸದನಕ್ಕೆ. ದೊರೆಗೆ ಸ್ವಲ್ಪ ಸಮಯ ಕೊಡಿ ಎನ್ನುವುದಕ್ಕೆ ಹಿರಿಯ ಸದಸ್ಯರೊಬ್ಬರು ಎದ್ದರು. ಭಾರಿ ಮಾತುಗಾರ. ಎಲ್ಲ ಕಡೆಯಿಂದಲೂ ಕೂಗಿ ಕೂರಿಸಿಬಿಟ್ಟರು. ಆ ಕೂಗಿನಲ್ಲಿ ನಮ್ಮವರ ದನಿಯೂ ಇತ್ತು. ನನ್ನ ಭಾಷಣ ಜೇಬಿನಲ್ಲಿತ್ತು, ನಾಲ್ಕು ಹಾಳೆ. ಏಳಲಿಲ್ಲ. ಸಭಾಧ್ಯಕ್ಷರ ಕಣ್ಣಿಗೆ ಬೀಳಲಿಲ್ಲ, ಅದಕ್ಕೇ ಮಾತಿಗೆ ಅವಕಾಶ ಸಿಗಲಿಲ್ಲ ಎಂದು ಊರಲ್ಲಿ ಹೇಳಬಹುದು. ಕೂತವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಸೆಂಬರ್ ೮, ಮಂಗಳವಾರ

ಬಟಾಣಿ ಹೊಟ್ಟೆಯಲ್ಲಿ ಇನ್ನೂ ಹಾಗೇ ಇದೆ. ಊರಿನ ಸಹಕಾರಿ ಅಂಗಡಿಗೆ ಫೋನ್ ಮಾಡಿ ಐವರ್‌ನನ್ನು ಕರೆಸಿದೆ. ಅವನು ಓಡಿಬಂದದ್ದು ಉಸಿರಿನಲ್ಲೇ ಕೇಳುತ್ತಿತ್ತು.

"ಬಸ್ಸು ಬೇಡ ಅಂತ ಹೇಳು," ಅಂದೆ.

"ಏನಂದೆ?"

"ಯಾರೂ ಬರೋದು ಬೇಡ ಕಣೋ."

"ಹೆದರ್ಕೊಂಡ್ಯಾ? ಸಚೇತಕ ಕಿವಿ ಹಿಂಡಿದ್ನಾ?"

"ಅದಲ್ಲ—"

"ಬೀಳ್ತೀನಿ ಅಂದ್ಯಲ್ಲೋ ಪೇಪರ್‌ನಲ್ಲಿ! ಹೆಸರು ತಪ್ಪಿದ್ರೂ ನೀನೇ ಅಂತ ಗೊತ್ತಾಯ್ತು ನಮಗೆ. ಈಗ ಬೀಳೋ ಹೊತ್ತಿಗೆ ದಿಂಬು ಹುಡುಕ್ತಿದ್ದೀಯಾ?"

ಫೋನ್ ಇಟ್ಟುಬಿಟ್ಟ. ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡಿರಬೇಕು. ಅಂದರೆ ಈಗ ಊರಿಗೇ ಗೊತ್ತು.

ಡಿಸೆಂಬರ್ ೯, ಬುಧವಾರ. ಬ್ಲೈನ್‌ಕೊಯ್ಡ್

ಬೆಳಗಿನ ರೈಲಿಗೆ ಹೊರಟು ಬಂದೆ. ಮೊದಲು ಕೆಲಸದ ಕಚೇರಿ. ಅಲ್ಲಿನ ಗುಮಾಸ್ತ ಒಳ್ಳೆಯವನು, ತಲೆ ತಗ್ಗಿಸಿಕೊಂಡೇ ಮಾತಾಡಿದ: "ನನ್ನ ಕೈಲಿಲ್ಲ ಪ್ರಾಸರ್ ಅವ್ರೇ. ಬರದವನ ಹೆಸರು ಹೊಡೆದು ಹಾಕ್ಲೇಬೇಕು. ದೊರೆಗೋಸ್ಕರ ಹೋದ್ರು ಅಂತ ಬರೆಯೋಕೆ ಅದ್ರಲ್ಲಿ ಜಾಗ ಇಲ್ಲ."

ನಾಲ್ಕು ಗಂಟೆಗೆ ಭವನದ ಮೆಟ್ಟಿಲ ಮೇಲೆ ನಿಂತೆ. ಶನಿವಾರ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಇವತ್ತು ಜೇಬಿನಲ್ಲಿ. ಯಾರೋ 'ಪ್ರಾಸ್ಪರ್!' ಅಂತ ಕೂಗಿದರು, ಎಲ್ಲರೂ ನಕ್ಕರು. ಕ್ಲಬ್ಬಿನ ಊಟದ ಕಥೆ ಪೂರ್ತಿ ಹೇಳಿದೆ. ದೀಪದ ಮಾತಿಗೆ ನಗು ನಿಂತಿತು. "ಯಾವ ಕಾರ್ಖಾನೆ" ಎಂಬಲ್ಲಿಗೆ ಮುಂದಿನ ಸಾಲಿನವನೊಬ್ಬ ನೆಲಕ್ಕೆ ಉಗಿದ.

"ನಮ್ಮ ದೊರೆ ಹಾಗಲ್ಲ," ಅಂದ ಐವರ್.

"ಅಲ್ಲ. ಆದ್ರೆ ದೊರೆ ಹೆಸರಲ್ಲಿ ನಿಮ್ಮನ್ನ ಕರೀತಿರೋನು ಹಾಗೇ. ಅವನ ಮಾತು ಕೇಳ್ಕೊಂಡು ನಿಮ್ಮ ಹತ್ರ ಬಂದೋನು ನಾನು. ಆರು ವಾರ ನಿಮ್ಮ ಮಕ್ಕಳಿಗೆ ಊಟ ಇರ್ತಿರ್ಲಿಲ್ಲ. ಅದು ನಂಗೆ ಶನಿವಾರಾನೇ ಗೊತ್ತಿತ್ತು. ಹನ್ನಾ ಹೇಳಿದ್ಲು."

ಇದನ್ನು ಹೇಳಬೇಕೆಂದು ಹೋಗಿರಲಿಲ್ಲ. ಬಂದುಬಿಟ್ಟಿತು.

ಬಸ್ಸು ಬೇಡವೆಂದಾಯಿತು. ಯಾರೂ ಕೈ ಕುಲುಕಲಿಲ್ಲ. ಹತ್ತೊಂಬತ್ತಕ್ಕೆ ಪಕ್ಷದ ಊರ ಸಮಿತಿ ಸೇರಿ, ಮುಂದಿನ ಚುನಾವಣೆಗೆ ನಾನು ಬೇಕೋ ಬೇಡವೋ ನಿರ್ಧರಿಸುತ್ತದಂತೆ. ಚಾಪೆಲ್ಲಿನವರಿಗೆ ನಾನು ದೊರೆಯ ಪರ ಮಾತಾಡಿದೆನೆಂದು ಸಿಟ್ಟು, ಮಿಕ್ಕವರಿಗೆ ಮಾತಾಡಲಿಲ್ಲವೆಂದು ಸಿಟ್ಟು. ಹನ್ನಾ ಒಂದು ಚಾಕು ಕೊಟ್ಟಳು. ಇಬ್ಬರೂ ಕೂತು ಒಂದು ಮೂಟೆ ಆಲೂಗಡ್ಡೆ ಸುಲಿದೆವು.

ಡಿಸೆಂಬರ್ ೧೦, ಗುರುವಾರ. ಲಂಡನ್

ಮುಗಿಯಿತು. ಸಭಾಧ್ಯಕ್ಷರು ದೊರೆಯ ಪತ್ರ ಓದಿದರು: ಪಟ್ಟ ಬಿಡುವುದು ನನ್ನ ಅಚಲ ನಿರ್ಧಾರ, ನನ್ನನ್ನು ಕಳುಹಿಸಿಕೊಡಿ. ಗಾರ್ಸೈಡ್ ಕೂಡ ಮೂಗು ಒರೆಸಿಕೊಂಡ.

ಹೊರಬಂದು ಅರಮನೆಯ ಕಡೆ ನಡೆದೆ, ಯಾಕೋ. ಕಂಬಿಬೇಲಿಯ ಹತ್ತಿರ ಗುಂಪು. ಗುಂಪಿನ ಅಂಚಿನಲ್ಲಿ ಹುಬ್ಬಿಲ್ಲದ ಒಂದು ಮುಖ, ಕೈಯಲ್ಲಿ ರಟ್ಟಿನ ಹಲಗೆ: 'ಬ್ಲೈನ್‌ಕೊಯ್ಡ್ ನಿಮ್ಮ ಜೊತೆ'. ನಿನ್ನೆ ಸಂಜೆಯೇ ಹಾಲಿನ ಲಾರಿ ಹತ್ತಿ ಬಂದಿದ್ದಾನೆ. ಸಹಿ ಹಾಕಿಲ್ಲ.

"ಎಲ್ಲರನ್ನೂ ನೀನು ತಡೆದೆ. ನನ್ನನ್ನ ತಡೀಲಿಲ್ಲ ನೋಡು," ಅಂದ. ನಡುಗುತ್ತಿದ್ದ.

ಸುದ್ದಿ ನಾನೇ ಹೇಳಬೇಕಾಯಿತು. ಹಲಗೆಯನ್ನು ತಿರುಗಿಸಿ, ಅಕ್ಷರ ಒಳಮುಖ ಮಾಡಿ ಕಂಕುಳಲ್ಲಿಟ್ಟುಕೊಂಡ. ಅದನ್ನು ನೋಡಲಾಗಲಿಲ್ಲ. ಮನೆಗೆ ಕರೆತಂದೆ. ಮಿಸೆಸ್ ಟಿಬಿಟ್ ಅವನಿಗೆ ನನಗೆ ಎಂದೂ ಕೊಡದಷ್ಟು ದೊಡ್ಡ ಮೀನು ಕೊಟ್ಟಳು.

ಡಿಸೆಂಬರ್ ೧೧, ಶುಕ್ರವಾರ

ತಿಂಡಿಯ ಮೇಜಿನಲ್ಲಿ ಐವರ್: "ಇವತ್ತು ಯಾವ ಕಡೆ ಹೋಗ್ತೀಯ?"

ಪಟ್ಟ ಬಿಡುವ ಮಸೂದೆ ಸದನಕ್ಕೆ ಬರುವ ದಿನ. ಐದಾರು ಜನ ಎದುರು ಮತ ಹಾಕುವವರಿದ್ದಾರೆ, ರಾಜರೇ ಬೇಡವೆಂದು. ಉಳಿದವರೆಲ್ಲ ಪರ.

"ಪರ."

"ದೊರೆಯನ್ನ ಕಳಿಸೋ ಕಡೆಗೆ. ನೀನು."

"ಅವರೇ ಕೇಳಿರೋದು ಐವರ್. ನನ್ನನ್ನ ಬಿಟ್ಬಿಡಿ ಅಂತ. ಇಷ್ಟು ದಿನ ಎಲ್ಲರೂ ಅವರಿಂದ ಏನೋ ಕೇಳ್ತಿದ್ವಿ. ನೀನೂ ಕೇಳಿದೆ, ನಾನೂ ಕೇಳಿದೆ. ಅವರು ಕೇಳಿರೋದು ಇದೊಂದೇ. ಅವರ ಕಡೆಯವನು ಅಂತ ಹೇಳ್ಕೊಂಡು ಇದನ್ನೂ ಕೊಡ್ದಿದ್ರೆ ಹೇಗೆ?"

ಅವನು ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ. "ನಿನಗೆ ಮಾತು ಬರುತ್ತೆ," ಅಂದ ಕೊನೆಗೆ. "ಅದೇ ತೊಂದ್ರೆ."

ಮೇಲಿನ ಗ್ಯಾಲರಿಯಲ್ಲಿ ಕೂರಿಸಿದೆ. ನಾನು ಮತ ಹಾಕಲು ಪರವಾಗಿದ್ದವರ ಸಾಲಿನಲ್ಲಿ ನಡೆದೆ. ನನ್ನ ಮುಂದೆ ಸರ್ ಲಯೋನೆಲ್ ಇದ್ದರು, ಹೊಸ ದೊರೆ ಬಹಳ ಒಳ್ಳೆಯವರೆಂದು ಯಾರಿಗೋ ಹೇಳುತ್ತಿದ್ದರು. ಮೇಲೆ ನೋಡಿದಾಗ ಐವರ್‌ನ ಜಾಗ ಖಾಲಿ.

ಡಿಸೆಂಬರ್ ೧೪, ಸೋಮವಾರ

ಹೊಸ ದೊರೆಗೆ ನಿಷ್ಠನಾಗಿರುತ್ತೇನೆಂದು ಪ್ರಮಾಣ. ಸಾಲಿನಲ್ಲಿ ನಿಂತು, ಬೈಬಲ್ ಹಿಡಿದು, ಹೇಳಿ, ಸಹಿ ಹಾಕಿ ಬಂದೆ. ಐದು ನಿಮಿಷ.

ಆಮೇಲೆ ಸದನದ ಕಚೇರಿಗೆ ಹೋಗಿ ಪ್ರಶ್ನೆ ಕೊಟ್ಟೆ: ಬ್ಲೈನ್‌ಕೊಯ್ಡ್ ಉಕ್ಕಿನ ಕಾರ್ಖಾನೆಯನ್ನು ಮತ್ತೆ ತೆರೆಯಲು ಸರ್ಕಾರ ಏನು ಮಾಡಲಿದೆ? ಸಹಿಯ ದಿನ ತಪ್ಪಿಸಿದ ಒಬ್ಬ ಮನುಷ್ಯನಿಗೆ ಆರು ವಾರ ಹಸಿವು ಯಾವ ಲೆಕ್ಕದ ಶಿಕ್ಷೆ? ಗಾರ್ಸೈಡ್ ನೋಡಿದ. "ನಾಲ್ಕು ವರ್ಷದಲ್ಲಿ ಇದೇ ಮೊದಲ ಪ್ರಶ್ನೆ ನಿಂದು. ಅರ್ಜಿ ಕಾಗದ ಎಲ್ಲಿ ಸಿಗುತ್ತೆ ಅಂತ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಕೇಳಿದೆ.

ಡಿಸೆಂಬರ್ ೧೭, ಗುರುವಾರ

ಸರ್ಕಾರದ ಪರ ಎದ್ದವರು ಓದಿದರು: ಪರಿಸ್ಥಿತಿ ಗಮನದಲ್ಲಿದೆ. ಕೂತರು. ನಾನು ಎದ್ದೆ: ಗಮನ ಎಷ್ಟು ವರ್ಷದಿಂದ? ಪರಿಸ್ಥಿತಿ ಗಮನದಲ್ಲಿದೆ. ಮತ್ತೆ ಎದ್ದೆ: ಐವರ್ ಪ್ಯೂ ಎಂಬುವನ ಭತ್ಯೆ? ಅದು ಬೇರೆ ಪ್ರಶ್ನೆ ಎಂದರು ಸಭಾಧ್ಯಕ್ಷರು, ಕೂತುಕೊಳ್ಳಿ. ನಾನು ಕೂರಲಿಲ್ಲ. ಎಲ್ಲ ಕಡೆಯಿಂದಲೂ ಕೂಗು. ಭಾಷಣ ಬರೆದುಕೊಂಡಿರಲಿಲ್ಲ, ಆದ್ದರಿಂದ ಅದೇ ಎರಡು ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದೆ. ಕೊನೆಗೆ ಈ ದಿನದ ಮಟ್ಟಿಗೆ ಸದನದಿಂದ ಹೊರಗೆ ಹೋಗಿ ಅಂದರು. ಹೋದೆ.

ಬಾಗಿಲಲ್ಲಿ ಗಾರ್ಸೈಡ್ ಹಿಡಿದ. ಬೈಯುತ್ತಾನೆ ಅಂದುಕೊಂಡೆ. "ಜನವರಿಯಲ್ಲಿ ಇಲಾಖೆಗೆ ನಿಯೋಗ ಕರ್ಕೊಂಡ್ಬಾ, ಭೇಟಿ ನಾನು ಕೊಡಿಸ್ತೀನಿ," ಅಂದ. "ದೇವರಾಣೆ, ನಿನ್ನ ಬಾಯಿ ಮುಚ್ಚಿಸೋಕೆ."

ಮಧ್ಯಾಹ್ನ ಮೂರೂಕಾಲು. ಇಡೀ ಸಂಜೆ ರಜ. ಹನ್ನಾಳಿಗೆ ದೊಡ್ಡ ಚಾಕು ಕೊಂಡೆ, ಮನೆಯಲ್ಲಿರುವುದು ಮೊಂಡು.

ಡಿಸೆಂಬರ್ ೧೯, ಶನಿವಾರ. ಬ್ಲೈನ್‌ಕೊಯ್ಡ್

ಸಮಿತಿ ಎರಡು ಗಂಟೆ ಬಾಗಿಲು ಹಾಕಿಕೊಂಡು ಕೂತಿತ್ತು. ನಾನು ಹೊರಗೆ. ಪರ ನಲವತ್ತೊಂದು, ವಿರುದ್ಧ ಮೂವತ್ತೆಂಟು. ಉಳಿದುಕೊಂಡೆ.

ಮೊದಲು ಹೊರಬಂದವನು ಐವರ್.

"ನಿನ್ನ ವಿರುದ್ಧ ಹಾಕ್ದೆ ಕಣೋ," ಅಂದ. "ಹೇಳ್ಬಿಡೋಣ ಅಂತ."

"ಹಾಕಿದ್ರೆ ಹಾಕಿದೆ. ನಿನ್ನ ಮತ."

"ದೊರೆ ವಿಷಯ ಅದು. ಅದನ್ನ ನಾನು ಬಿಡಲ್ಲ, ನಿನ್ನ ಹೆಣ ಹೊರೋ ದಿನಾನೂ ಬಿಡಲ್ಲ."

"ಹೊರ್ತೀಯಲ್ಲ, ಸಾಕು."

ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನಿಯೋಗಕ್ಕೆ ಎಷ್ಟು ಜನ?"

"ಹನ್ನೆರಡು."

"ಹನ್ನೊಂದು ಜನರನ್ನ ಹುಡುಕು," ಅಂದು ಟೋಪಿ ಹಾಕಿಕೊಂಡು ಹೊರಟ. ಎರಡು ಹೆಜ್ಜೆ ಹೋಗಿ ತಿರುಗಿದ. "ಗುರುವಾರ ಇಟ್ಕೋಬೇಡ."

ಮನೆಯಲ್ಲಿ ಹನ್ನಾ ಪ್ಯೂ ಮನೆಯವರಿಗೆ ಆರು ವಾರದ ಊಟದ ಪಟ್ಟಿ ಮಾಡುತ್ತಿದ್ದಳು. ಹಗಲಿಗೆ ಚಾಪೆಲ್ಲಿನಿಂದ, ಸಂಜೆಗೆ ಸರದಿಯ ಪ್ರಕಾರ ಒಂದೊಂದು ಮನೆಯಿಂದ. ಸೋಮವಾರದ ಸಂಜೆ ನಮ್ಮದು.

"ದೊರೆ ಈಗ ಎಲ್ಲಿದ್ದಾರಂತೆ?" ಅಂತ ಕೇಳಿದಳು.

"ಯಾವುದೋ ದೇಶದಲ್ಲಿ. ಈ ವಾರ ಪೇಪರ್ ನೋಡೋಕಾಗಿಲ್ಲ."

ಅವಳು ತಲೆಯೆತ್ತಿ ನನ್ನನ್ನೇ ಒಂದಿಷ್ಟು ಹೊತ್ತು ನೋಡಿದಳು, ಮುಖಕ್ಕೆ ಏನೋ ಅಂಟಿದೆಯೇನೋ ಎಂಬ ಹಾಗೆ. ಆಮೇಲೆ ಪಟ್ಟಿಗೆ ವಾಪಸಾದಳು.

ನಿಯೋಗಕ್ಕೆ ಹನ್ನೊಂದು ಹೆಸರು ಬರೆದೆ, ಐವರ್ ಸೇರಿ. ಹನ್ನೆರಡನೆಯವರು ಯಾರೆಂದು ಯೋಚಿಸುತ್ತಿರುವಾಗ ಹನ್ನಾ ಪೆನ್ಸಿಲ್ ಕಿತ್ತುಕೊಂಡು ತನ್ನ ಹೆಸರು ಬರೆದಳು.

"ನನ್ನನ್ನ ಕೇಳ್ಬೇಕಿತ್ತು," ಅಂದೆ.

"ನೀನು ನನ್ನನ್ನ ಕೇಳ್ತಿರ್ಲಿಲ್ಲ," ಅಂದಳು.